ಎವಿಕ್ಟ್ ಅಂದ್ರೆ ಬರೀ ಹೊರಗೆ ಹಾಕೋದಲ್ಲ

ಒಂದು ಭಾನುವಾರ ಬೆಳಗ್ಗೆ ನಮ್ಮ ಚಿಕ್ಕಮ್ಮನ ಮಗ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ, ಕೆಳಗಡೆ "ಅಣ್ಣ ಅರ್ಜೆಂಟ್" ಅಂತ ಅಷ್ಟೇ. ತಿಪಟೂರಿಂದ ಬಂದು ಬೆಂಗಳೂರಲ್ಲಿ ಕೆಲಸ ಮಾಡ್ತಿರೋ ಹುಡುಗ, ವಿಜಯನಗರದ ಕಡೆ ಫಸ್ಟ್ ಫ್ಲೋರ್‌ನಲ್ಲಿ ಬಾಡಿಗೆಗೆ ಇದ್ದ, ಹೆಂಡತಿ, ಒಂದನೇ ಕ್ಲಾಸಿನ ಮಗಳು. ಫೋಟೋದಲ್ಲಿ ಇದ್ದಿದ್ದು ರಿಜಿಸ್ಟರ್ ಪೋಸ್ಟಲ್ಲಿ ಬಂದಿದ್ದ ಲಾಯರ್ ನೋಟಿಸ್, ಪೂರ್ತಿ ಇಂಗ್ಲಿಷ್‌ನಲ್ಲಿ, ಕೊನೇ ಪ್ಯಾರಾದಲ್ಲಿ ಒಂದು ಪದಕ್ಕೆ ಅವನು ಪೆನ್ನಲ್ಲಿ ಸುತ್ತು ಹಾಕಿದ್ದ. ಎವಿಕ್ಷನ್. ಫೋನ್ ಮಾಡಿದ್ರೆ "ಅಣ್ಣ, ಬಿಗ್ ಬಾಸ್‌ನಲ್ಲಿ ಬರುತ್ತಲ್ಲ ಅದೇ ತಾನೇ, ಅಂದ್ರೆ ನಮ್ಮನ್ನ ಆಗ್ಲೇ ಹೊರಗೆ ಹಾಕಿದಾರೆ ಅಂತಾನಾ" ಅಂದ. ಮಧ್ಯಾಹ್ನ ನಾನು ಅವ್ರ ಮನೆಗೆ ಹೋಗೋ ಹೊತ್ತಿಗೆ ಸ್ಟೀಲ್ ಪಾತ್ರೆ ಎಲ್ಲಾ ಗೋಣಿ ಚೀಲಕ್ಕೆ ತುಂಬಿ ಬಾಯಿ ಹೊಲಿದಿದ್ರು, ಹಾಸಿಗೆ ಸುತ್ತಿ ಹಗ್ಗ ಕಟ್ಟಿದ್ರು, ಮಗು ನೆಲದ ಮೇಲೆ ಕೂತು ಹೋಟೆಲ್ ಇಡ್ಲಿ ತಿಂತಿತ್ತು, ಯಾಕಂದ್ರೆ ಗ್ಯಾಸ್ ಸ್ಟವ್ ಕೂಡ ಬಿಚ್ಚಿ ಇಟ್ಟಿದ್ರು.

ಒಂದು ಪದ ಸರಿಯಾಗಿ ಗೊತ್ತಿಲ್ದೇ ಇದ್ದಿದ್ದಕ್ಕೆ ಒಂದು ಸಂಸಾರ ಒಂದೇ ಬೆಳಗ್ಗೆ ಗಂಟು ಮೂಟೆ ಕಟ್ಟಿಬಿಟ್ಟಿತ್ತು. ಅವತ್ತು ಅವರಿಗೆ ಏನು ಹೇಳಿದ್ನೋ ಅದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೀತಿದೀನಿ, ಎವಿಕ್ಟ್ ಅಂದ್ರೆ ಏನು, ಔಸ್ಟ್, ಎಕ್ಸ್‌ಪೆಲ್, ಎಜೆಕ್ಟ್, ಡಿಪೋರ್ಟ್ ಇವಕ್ಕೂ ಅದಕ್ಕೂ ಏನು ವ್ಯತ್ಯಾಸ, ಯಾವುದನ್ನ ಎಲ್ಲಿ ಹೇಳ್ಬೇಕು ಅಂತ.

ನೋಟಿಸ್‌ನ ಆ ಒಂದು ಸಾಲು

ಮೊದ್ಲು ಆ ಸಾಲನ್ನೇ ನೋಡೋಣ, ಯಾಕಂದ್ರೆ ಹೆಚ್ಚು ಕಮ್ಮಿ ಎಲ್ಲಾ ಲಾಯರ್ ನೋಟಿಸಲ್ಲೂ ಇದೇ ಧಾಟಿ ಇರುತ್ತೆ. "ಇಷ್ಟು ದಿನದೊಳಗೆ ವೇಕೇಟ್ ಮಾಡಿ ಖಾಲಿ ಸ್ವಾಧೀನ ಕೊಡಿ, ಇಲ್ಲಾಂದ್ರೆ ನನ್ನ ಕ್ಲೈಂಟ್ ಅನಿವಾರ್ಯವಾಗಿ ಎವಿಕ್ಷನ್ ಪ್ರೊಸೀಡಿಂಗ್ಸ್ ಶುರು ಮಾಡ್ಬೇಕಾಗುತ್ತೆ." ಇದ್ರಲ್ಲಿ ಎರಡು ಕ್ರಿಯೆ ಇದೆ, ಎರಡನ್ನೂ ಮಾಡೋರು ಬೇರೆ ಬೇರೆ ಜನ. ವೇಕೇಟ್ ಮಾಡೋದು ಬಾಡಿಗೆದಾರ. ಎವಿಕ್ಷನ್‌ಗೆ ಕೇಸ್ ಹಾಕೋದು ಓನರ್. ಮತ್ತೆ ಮುಖ್ಯವಾಗಿ ಎರಡನೇದು ಇನ್ನೂ ಆಗಿಲ್ಲ, "ಮಾಡ್ಬೇಕಾಗುತ್ತೆ" ಅಂತ ಇದೆ, ಅಂದ್ರೆ ಮುಂದೆ ಕೋರ್ಟಿಗೆ ಹೋಗ್ತೀನಿ ಅನ್ನೋ ಎಚ್ಚರಿಕೆ ಅದು. ಬಸ್ಸು ಇನ್ನೂ ಡಿಪೋ ಬಿಟ್ಟಿಲ್ಲ, ನಮ್ಮ ಹುಡುಗ ಆಗ್ಲೇ ಸ್ಟಾಪಲ್ಲಿ ಇಳಿದುಬಿಟ್ಟಿದ್ದ.

ಪದದ ಹೊಟ್ಟೆಯೊಳಗೆ ಗೆಲುವು

ಎವಿಕ್ಟ್ ಅಂದ್ರೆ ಒಬ್ಬರು ವಾಸ ಇರೋ ಮನೆಯಿಂದಾನೋ, ಜಾಗದಿಂದಾನೋ, ಉಳೋ ಹೊಲದಿಂದಾನೋ ಅವರನ್ನ ಹೊರಗೆ ಕಳಿಸೋದು, ಅದೂ ಮುಖ್ಯವಾಗಿ ಕಾನೂನಿನ ಬಲದಿಂದ. ಹೇಳೋದು "ಇವಿಕ್ಟ್" ಅಂತ, ಒತ್ತು ಎರಡನೇ ಭಾಗದ ಮೇಲೆ. ನಾಮಪದ ಎವಿಕ್ಷನ್.

ಕಾನೂನಿನ ಬಲ ಅಂದ್ನಲ್ಲ, ಅದು ನಾನು ಸುಮ್ನೆ ಸೇರಿಸಿದ್ದಲ್ಲ, ಪದ ಹುಟ್ಟಿದ್ದೇ ಹಾಗೆ. ಲ್ಯಾಟಿನ್‌ನಲ್ಲಿ ವಿನ್ಸೆರೆ ಅಂದ್ರೆ ಗೆಲ್ಲೋದು. ವಿಕ್ಟರಿ ಬಂದಿದ್ದು ಅಲ್ಲಿಂದಾನೇ, ಕನ್ವಿಕ್ಟ್, ಕನ್ವಿನ್ಸ್, ಇನ್ವಿನ್ಸಿಬಲ್ ಎಲ್ಲಾ ಒಂದೇ ಮನೆತನದ ಪದಗಳು. ಅದಕ್ಕೆ ಮುಂದೆ "ಹೊರಗೆ" ಅನ್ನೋ ಅರ್ಥದ ಎ ಸೇರಿದ್ರೆ ಎವಿಕ್ಟ್. 15ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಇದ್ರ ಅರ್ಥ ಜನರನ್ನ ಹೊರಗೆ ಹಾಕೋದು ಅಂತಾನೇ ಇರ್ಲಿಲ್ಲ, ಕೋರ್ಟಲ್ಲಿ ವಾದ ಗೆದ್ದು ಆಸ್ತಿ ವಾಪಸ್ ಪಡೆಯೋದು ಅಂತ ಇತ್ತು. ಆಸ್ತಿ ವಾಪಸ್ ಬಂದ್ರೆ ಅದ್ರಲ್ಲಿ ಇದ್ದೋರು ಹೊರಗೆ ಹೋಗ್ಲೇಬೇಕಲ್ಲ, ಹಂಗೆ ಬರ್ತಾ ಬರ್ತಾ ಅರ್ಥ ಆಸ್ತಿಯಿಂದ ಜನರ ಕಡೆ ಜಾರಿತು.

ಹಾಗಾಗಿ ಓನರ್ ಒಬ್ಬರು ರಾತ್ರೋರಾತ್ರಿ ಬೀಗ ಬದಲಾಯಿಸಿ ಸಾಮಾನು ಮೆಟ್ಟಿಲ ಮೇಲೆ ಇಟ್ರೆ ಮಾತಿನಲ್ಲಿ "ಎವಿಕ್ಟ್ ಮಾಡಿದ್ರು" ಅಂತ ಹೇಳ್ಬಹುದು, ಪೇಪರ್‌ನವರೂ ಹಂಗೇ ಬರೀತಾರೆ, ಆದ್ರೆ ಕಾನೂನಿನ ಕಣ್ಣಲ್ಲಿ ಅದು ಸರಿಯಾದ ಎವಿಕ್ಷನ್ ಅಲ್ಲ, ಕಾನೂನು ಮೀರಿ ಸ್ವಾಧೀನ ತಪ್ಪಿಸೋದು. ಅದಕ್ಕೆ ಕಾನೂನಿನ ಇಂಗ್ಲಿಷ್‌ನಲ್ಲಿ ಡಿಸ್‌ಪೊಸೆಸ್ ಅನ್ನೋ ಪದ ಬಳಸ್ತಾರೆ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಸಾಮಾನ್ಯ ಜನಕ್ಕೆ ಬೇಕಾಗಿರೋದು ಈ ವ್ಯತ್ಯಾಸಾನೇ, ಅದಕ್ಕೆ ಕೊನೇಲಿ ಮತ್ತೆ ಬರ್ತೀನಿ.

ಕನ್ನಡದಲ್ಲಿ ಇದಕ್ಕೆ ಒಳ್ಳೇ ಪದ ಇದೆ

ಒಕ್ಕಲೆಬ್ಬಿಸು. ಹಳ್ಳಿ ಕಡೆ, ಅದ್ರಲ್ಲೂ ಮಲೆನಾಡು ಕರಾವಳಿ ಕಡೆ ಈ ಪದ ಇವತ್ತಿಗೂ ಬಾಯಲ್ಲಿ ಇದೆ, ಅರಣ್ಯ ಇಲಾಖೆ ಸುದ್ದಿ ಬಂದಾಗೆಲ್ಲಾ ಪೇಪರಲ್ಲೂ ಬರುತ್ತೆ. ಒಕ್ಕಲು ಅಂದ್ರೆ ಒಂದು ಕಡೆ ನೆಲೆ ನಿಂತ ಸಂಸಾರ, ಗೇಣಿಗೆ ಉಳೋನೂ ಒಕ್ಕಲೇ. ಹೊಸ ಮನೆಗೆ ಹೋಗೋ ಗೃಹಪ್ರವೇಶಕ್ಕೆ ಕೆಲವು ಕಡೆ "ಮನೆ ಒಕ್ಕಲು" ಅಂತಾನೇ ಕರೀತಾರೆ. ಹಾಗೆ ಒಕ್ಕಲಾಗಿ ಕೂತವರನ್ನ ಎಬ್ಬಿಸೋದು ಅಂದ್ರೆ ಉಣ್ಣೋಕೆ ಕೂತವರನ್ನ ಎಲೆ ಮುಂದಿಂದ ಎಬ್ಬಿಸಿದಷ್ಟೇ ನೋವಿನ ಮಾತು, ಆ ಪದದಲ್ಲೇ ಅದು ಕೇಳಿಸುತ್ತೆ.

ಸರ್ಕಾರಿ ಕಾಗದದಲ್ಲಿ, ಟಿವಿಲಿ ಮಾತ್ರ ನಾವು ಜಾಸ್ತಿ ನೋಡೋದು "ತೆರವು" ಅನ್ನೋ ಪದ. ಒತ್ತುವರಿ ತೆರವು, ಮನೆ ತೆರವು, ಫುಟ್‌ಪಾತ್ ತೆರವು. ಇಲ್ಲಿ ಒಂದು ಸೂಕ್ಷ್ಮ ಇದೆ ನೋಡಿ. ತೆರವು ಆಗೋದು ಜಾಗ, ಒಕ್ಕಲೇಳೋದು ಮನುಷ್ಯ. "ನೂರು ಮನೆ ತೆರವು" ಅಂದ್ರೆ ಆ ವಾಕ್ಯದಲ್ಲಿ ಮನುಷ್ಯರೇ ಇಲ್ಲ, "ನೂರು ಸಂಸಾರ ಒಕ್ಕಲೆಬ್ಬಿಸಿದ್ರು" ಅಂದ್ರೆ ಇದ್ದಾರೆ. ಇಂಗ್ಲಿಷ್‌ನಲ್ಲೂ ಇದೇ ಥರ, ಡೆಮಾಲಿಷ್ ಮಾಡೋದು ಕಟ್ಟಡವನ್ನ, ಕ್ಲಿಯರ್ ಮಾಡೋದು ಜಾಗವನ್ನ, ಎವಿಕ್ಟ್ ಮಾಡೋದು ಜನರನ್ನ. ಸುದ್ದಿ ಅನುವಾದ ಮಾಡೋರು ಎವಿಕ್ಷನ್ ಅಂತ ಕಂಡ ಕಡೆ ಎಲ್ಲಾ ತೆರವು ಅಂತ ಹಾಕಿದ್ರೆ ಮನುಷ್ಯರು ಕಳೆದುಹೋಗ್ತಾರೆ.

ಐರ್ಲೆಂಡಿನ ಒಕ್ಕಲು, ಕಾಗೋಡಿನ ಒಕ್ಕಲು

ಈ ಪದ ಇಂಗ್ಲಿಷ್ ಮಾತಾಡೋ ಜನರ ಮನಸ್ಸಲ್ಲಿ ಯಾಕೆ ಇಷ್ಟು ಭಾರ ಅಂತ ತಿಳಿಬೇಕಾದ್ರೆ 19ನೇ ಶತಮಾನದ ಐರ್ಲೆಂಡಿಗೆ ಹೋಗ್ಬೇಕು. ಅಲ್ಲಿ ಜಮೀನು ಇದ್ದಿದ್ದು ದೊಡ್ಡ ದೊಡ್ಡ ಜಮೀನ್ದಾರರ ಕೈಲಿ, ಎಷ್ಟೋ ಜನ ಇಂಗ್ಲೆಂಡಲ್ಲೇ ಕೂತಿರೋರು, ಉಳೋರು ಐರಿಷ್ ಗೇಣಿದಾರರು. ಬೆಳೆ ಹೋದ್ರೂ ಗೇಣಿ ಕೊಡ್ಬೇಕು, ಕೊಡ್ಲಿಲ್ಲ ಅಂದ್ರೆ ಎವಿಕ್ಷನ್, ಪೊಲೀಸರನ್ನ ಕರ್ಕೊಂಡು ಬಂದು ಬಾಗಿಲು ಒಡೆದು ಹೊರಗೆ ಹಾಕೋರು.

1880ರಲ್ಲಿ ಮೇಯೊ ಅನ್ನೋ ಕೌಂಟಿಲಿ ಲಾರ್ಡ್ ಅರ್ನ್ ಅನ್ನೋ ಜಮೀನ್ದಾರನ ಏಜೆಂಟ್ ಒಬ್ಬ ಇದ್ದ, ಈ ಕಡೆ ಹಳೇ ಕಾಲದ ಪಾರುಪತ್ಯಗಾರ ಇದ್ದ ಹಾಗೆ ಅನ್ಕೊಳಿ. ಆ ವರ್ಷ ಬೆಳೆ ಚೆನ್ನಾಗಿರ್ಲಿಲ್ಲ, ಗೇಣಿ ಇಳಿಸಿ ಅಂತ ಒಕ್ಕಲು ಕೇಳಿದ್ರು, ಕೇಳಿದಷ್ಟು ಇಳಿಸ್ಲಿಲ್ಲ, ಏಜೆಂಟ್ ಎವಿಕ್ಷನ್ ನೋಟಿಸ್ ಹೊರಡಿಸಿದ. ಜನ ಹೊಡೆದಾಟಕ್ಕೆ ಹೋಗ್ಲಿಲ್ಲ. ಬದಲಿಗೆ ಆ ಏಜೆಂಟ್ ಜೊತೆ ಊರಿಗೆ ಊರೇ ಮಾತು ಬಿಡ್ತು. ಆಳುಗಳು ಹೊಲಕ್ಕೆ ಬರ್ಲಿಲ್ಲ, ಅಂಗಡಿಯವರು ಸಾಮಾನು ಕೊಡ್ಲಿಲ್ಲ, ಕಾಗದ ತಲುಪಿಸೋಕೂ ಜನ ಇಲ್ಲ. ಕೊನೆಗೆ ಅವನ ಬೆಳೆ ಕುಯ್ಯೋಕೆ ಬೇರೆ ಕೌಂಟಿಗಳಿಂದ ಒಂದು ಐವತ್ತು ಜನ ಬಂದ್ರು, ಅವರ ಕಾವಲಿಗೆ ಸೈನ್ಯ ಬರ್ಬೇಕಾಯ್ತು. ಆ ಏಜೆಂಟ್ ಹೆಸರು ಚಾರ್ಲ್ಸ್ ಬಾಯ್ಕಾಟ್. ಇವತ್ತು ನಾವು ಆರಾಮಾಗಿ ಬಳಸ್ತೀವಲ್ಲ ಬಾಯ್ಕಾಟ್ ಅಂತ, ಆ ಪದ ಹುಟ್ಟಿದ್ದು ಅವನ ಹೆಸರಿಂದ, ಒಂದು ಎವಿಕ್ಷನ್ ಜಗಳದಲ್ಲಿ.

ನಮ್ಮಲ್ಲೂ ಇದಕ್ಕೆ ಹತ್ರದ ಕಥೆ ಇದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಲ್ಲಿ ಗೇಣಿ ಭತ್ತ ಅಳೆಯೋ ಕೊಳಗದ ಮೇಲೆ ಜಗಳ ಶುರುವಾಯ್ತು, ಧಣಿಗಳ ಕೊಳಗ ದೊಡ್ಡದು, ಅದ್ರಲ್ಲಿ ಅಳೆದ್ರೆ ನಮಗೆ ಅನ್ಯಾಯ ಆಗುತ್ತೆ ಅಂತ ಒಕ್ಕಲು ತಕರಾರು ತೆಗೆದ್ರು, ಧಣಿಗಳು ಅವರನ್ನ ಜಮೀನಿಗೆ ಇಳಿಯೋಕೆ ಬಿಡ್ಲಿಲ್ಲ. ಒಕ್ಕಲು ಸತ್ಯಾಗ್ರಹಕ್ಕೆ ಕೂತ್ರು, ರಾಮಮನೋಹರ ಲೋಹಿಯಾ ಕೂಡ ಬಂದು ಅರೆಸ್ಟ್ ಆದ್ರು. ಕರ್ನಾಟಕದಲ್ಲಿ 1974ರ ಭೂಸುಧಾರಣೆ ತಿದ್ದುಪಡಿ, ದೇವರಾಜ ಅರಸು ಕಾಲದ್ದು, "ಉಳುವವನೇ ಹೊಲದೊಡೆಯ" ಅಂತ ಜನ ಕರೆಯೋದು, ಅದು ಬಂದ ಮೇಲೆ ಗೇಣಿದಾರರನ್ನ ಒಕ್ಕಲೆಬ್ಬಿಸೋ ದಾರಿ ಮುಚ್ಚಿತು, ಉಳ್ತಿದ್ದ ಜಮೀನಿಗೆ ಡಿಕ್ಲರೇಷನ್ ಹಾಕಿ ಅವರೇ ಒಡೆಯರಾಗೋ ಅವಕಾಶ ಬಂತು. ನಮ್ಮ ಅಜ್ಜನ ತಲೆಮಾರಿನವರು ಡಿಕ್ಲರೇಷನ್ ಅನ್ನೋ ಇಂಗ್ಲಿಷ್ ಪದವನ್ನ ಎಷ್ಟು ಸ್ಪಷ್ಟವಾಗಿ ಹೇಳ್ತಿದ್ರು ಅಂದ್ರೆ ಅದು ಇಂಗ್ಲಿಷ್ ಅಂತಾನೇ ಅವರಿಗೆ ಅನಿಸ್ತಿರ್ಲಿಲ್ಲ.

ಯಾರು ಯಾರನ್ನ: ವೇಕೇಟ್ ಮತ್ತು ಎವಿಕ್ಟ್

ನಾವು ಜಾಸ್ತಿ ತಪ್ಪೋದು ಇಲ್ಲೇ. ಕನ್ನಡದಲ್ಲಿ ಮಾತಾಡ್ವಾಗ "ಓನರ್ ನಮ್ಮನ್ನ ವೇಕೇಟ್ ಮಾಡಿಸಿದ್ರು" ಅಂತೀವಿ, ಅದು ಸರಿಯಾಗೇ ಇದೆ, ಮಾಡಿಸು ಅನ್ನೋದ್ರಲ್ಲೇ ಬೇರೆಯವರ ಬಲ ಇದೆ. ಆದ್ರೆ ಅದನ್ನೇ ಇಂಗ್ಲಿಷಿಗೆ ತಿರುಗಿಸಿ "ಓನರ್ ವೇಕೇಟೆಡ್ ಅಸ್" ಅಂತ ಮೇಲ್ ಬರೆದ್ರೆ ತಪ್ಪು. ವೇಕೇಟ್ ಮಾಡೋದು ಒಳಗೆ ಇರೋರು, ಅವರು ವೇಕೇಟ್ ಮಾಡೋದು ಮನೆಯನ್ನ. ಎವಿಕ್ಟ್ ಮಾಡೋದು ಹೊರಗಿನ ಅಧಿಕಾರ, ಅದು ಎವಿಕ್ಟ್ ಮಾಡೋದು ಒಳಗೆ ಇರೋರನ್ನ. ಹಾಗಾಗಿ "ವಿ ವೇಕೇಟೆಡ್ ದ ಹೌಸ್" ಸರಿ, "ವಿ ವರ್ ಎವಿಕ್ಟೆಡ್ ಫ್ರಂ ದ ಹೌಸ್" ಸರಿ, "ವಿ ಎವಿಕ್ಟೆಡ್ ದ ಹೌಸ್" ತಪ್ಪು, ಮನೆಯನ್ನ ಎವಿಕ್ಟ್ ಮಾಡೋಕಾಗಲ್ಲ.

ಫ್ರಂ ಅನ್ನೋದನ್ನ ಮರೀಬೇಡಿ, ಈ ಜಾತಿಯ ಪದಗಳಿಗೆಲ್ಲಾ "ಎಲ್ಲಿಂದ" ಅನ್ನೋದು ಬೇಕು. ಇನ್ನೊಂದು, ಎವಿಕ್ಟ್ ಸಾಮಾನ್ಯವಾಗಿ ಕರ್ಮಣಿ ಪ್ರಯೋಗದಲ್ಲೇ ಕಾಣಿಸುತ್ತೆ, "ಎವಿಕ್ಟ್ ಆದ್ರು" ಅಂತ. ಕೆಲಸಕ್ಕೆ ಬೇರೆ ಊರಿಗೆ ಹೋಗ್ಬೇಕು ಅಂತ ನೀವೇ ಮನೆ ಬಿಟ್ರೆ ಅದು ಯಾವ ಕಾರಣಕ್ಕೂ ಎವಿಕ್ಷನ್ ಆಗಲ್ಲ, ಬಲವಂತ ಇರ್ಲೇಬೇಕು.

ಎಲ್ಲಿಂದ ಹೊರಗೆ? ಅದ್ರ ಮೇಲೆ ಪದ ನಿಂತಿದೆ

ಹೊರಗೆ ಕಳಿಸೋಕೆ ಇಂಗ್ಲಿಷ್‌ನಲ್ಲಿ ಇಷ್ಟೊಂದು ಪದ ಯಾಕೆ ಅಂತ ಕೇಳ್ಬಹುದು. ನಮ್ಮಲ್ಲೂ ಕಮ್ಮಿ ಏನಿಲ್ಲ. ಪಾರ್ಟಿಯಿಂದ ಉಚ್ಚಾಟನೆ, ಕೆಲಸದಿಂದ ವಜಾ, ಗದ್ದುಗೆಯಿಂದ ಪದಚ್ಯುತಿ, ಜಿಲ್ಲೆಯಿಂದ ಗಡಿಪಾರು, ಆಫೀಸರ್ ಆದ್ರೆ ಎತ್ತಂಗಡಿ, ಮದುವೆ ಮನೇಲಿ ಕುಡಿದು ಗಲಾಟೆ ಮಾಡಿದ್ರೆ ಅರ್ಧಚಂದ್ರ ಪ್ರಯೋಗ. ಒಂದರ ಜಾಗದಲ್ಲಿ ಇನ್ನೊಂದು ಹಾಕಿದ್ರೆ ಎಷ್ಟು ವಿಚಿತ್ರ ಕೇಳಿಸುತ್ತೆ ನೋಡಿ, ಬಾಡಿಗೆದಾರರ ಉಚ್ಚಾಟನೆ ಅಂತ ಯಾರಾದ್ರೂ ಹೇಳ್ತಾರಾ, ಪಾರ್ಟಿಯಿಂದ ಒಕ್ಕಲೆಬ್ಬಿಸಿದ್ರು ಅಂತ ಹೇಳ್ತಾರಾ. ಇಂಗ್ಲಿಷ್ ಪದಗಳೂ ಹಂಗೇ, ಎಲ್ಲಿಂದ ಅಂತ ಕೇಳ್ಕೊಂಡ್ರೆ ಮುಕ್ಕಾಲು ಪಾಲು ಗೊಂದಲ ಹೋಗುತ್ತೆ.

ಎಕ್ಸ್‌ಪೆಲ್ ಅಂದ್ರೆ ಸದಸ್ಯತ್ವದಿಂದ ಹೊರಗೆ. ಶಾಲೆ, ಪಾರ್ಟಿ, ಸಂಘ, ಸಂಸತ್ತು. ಪೆಲ್ಲೆರೆ ಅಂದ್ರೆ ಲ್ಯಾಟಿನ್‌ನಲ್ಲಿ ತಳ್ಳೋದು, ಪ್ರೊಪೆಲ್, ಕಂಪೆಲ್, ರಿಪೆಲ್ ಎಲ್ಲಾ ಅದೇ ಬೇರು. ನಾಮಪದ ಎಕ್ಸ್‌ಪಲ್ಷನ್. ಇದಕ್ಕೆ ಕರ್ನಾಟಕಕ್ಕೆ ಹತ್ರದ ಉದಾಹರಣೆಗಳೇ ಇವೆ, ಎರಡೂ ಒಬ್ಬರದ್ದೇ. 1969ರ ನವೆಂಬರ್ 12ಕ್ಕೆ ಕಾಂಗ್ರೆಸ್ ಇಂದಿರಾ ಗಾಂಧಿಯವರನ್ನ ಪಾರ್ಟಿಯಿಂದ ಎಕ್ಸ್‌ಪೆಲ್ ಮಾಡ್ತು, ಅವಾಗ ಪ್ರಧಾನಿ ಆಗಿದ್ದೋರು ಅವರೇ, ಪಾರ್ಟಿ ಅಧ್ಯಕ್ಷರಾಗಿದ್ದೋರು ನಮ್ಮ ನಿಜಲಿಂಗಪ್ಪನವರು. ಪಾರ್ಟಿಯಿಂದ ಹೊರಗೆ ಹಾಕಿದ್ರೂ ಪ್ರಧಾನಿ ಪಟ್ಟ ಹೋಗ್ಲಿಲ್ಲ, ಯಾಕಂದ್ರೆ ಎಕ್ಸ್‌ಪೆಲ್ ಆಗಿದ್ದು ಸದಸ್ಯತ್ವದಿಂದ, ಅಧಿಕಾರದಿಂದ ಅಲ್ಲ. ಅಧಿಕಾರ ಹೋಗಿದ್ದು 1977ರ ಚುನಾವಣೆಯಲ್ಲಿ, ಅದಕ್ಕೆ ಪೇಪರ್ ಭಾಷೆ ಔಸ್ಟ್. ಮಾರನೇ ವರ್ಷ ನವೆಂಬರಲ್ಲಿ ಚಿಕ್ಕಮಗಳೂರಿಂದ ಉಪಚುನಾವಣೆ ಗೆದ್ದು ಲೋಕಸಭೆಗೆ ಹೋದ್ರು, ಡಿಸೆಂಬರಲ್ಲೇ ಹಕ್ಕುಚ್ಯುತಿ ಆರೋಪದ ಮೇಲೆ ಲೋಕಸಭೆ ಅವರನ್ನ ಎಕ್ಸ್‌ಪೆಲ್ ಮಾಡ್ತು. ಒಬ್ಬರೇ ವ್ಯಕ್ತಿ, ಮೂರು ಸಲ ಹೊರಗೆ, ಪದ ಎರಡು.

ಔಸ್ಟ್ ಅಂದ್ರೆ ಅಧಿಕಾರದಿಂದ, ಸ್ಥಾನದಿಂದ ಕೆಳಗೆ ಇಳಿಸೋದು. ಊಸ್ಟ್ ಅಲ್ಲ, ಔಸ್ಟ್. ಹೆಡ್ಡಿಂಗಲ್ಲಿ ಇದು ಜಾಸ್ತಿ ಬರೋಕೆ ಒಂದು ಕಾರಣ ಅದು ನಾಲ್ಕೇ ಅಕ್ಷರದ ಪದ, ಜಾಗ ಕಮ್ಮಿ ಸಾಕು. 2022ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ಇಮ್ರಾನ್ ಖಾನ್ ಅವಿಶ್ವಾಸ ಮತದಲ್ಲಿ ಔಸ್ಟ್ ಆದ್ರು, 2024ರ ಆಗಸ್ಟ್‌ನಲ್ಲಿ ಬಾಂಗ್ಲಾದೇಶದ ಶೇಖ್ ಹಸೀನಾ ವಿದ್ಯಾರ್ಥಿಗಳ ಚಳವಳಿ ಎದುರು ಔಸ್ಟ್ ಆದ್ರು, 2023ರ ನವೆಂಬರ್‌ನಲ್ಲಿ ಓಪನ್‌ಎಐ ಕಂಪನಿ ಬೋರ್ಡು ಸ್ಯಾಮ್ ಆಲ್ಟ್‌ಮನ್ ಅವರನ್ನ ಔಸ್ಟ್ ಮಾಡ್ತು, ಕೆಲವೇ ದಿನದಲ್ಲಿ ಅವರು ವಾಪಸ್ ಬಂದ್ರು. ಓಟು, ಬೀದಿ ಚಳವಳಿ, ಬೋರ್ಡ್ ಮೀಟಿಂಗ್, ದಾರಿ ಯಾವುದಾದ್ರೂ ಔಸ್ಟ್ ನಡೆಯುತ್ತೆ, ಕಾನೂನು ಪ್ರಕಾರ ಆಯ್ತಾ ಇಲ್ವಾ ಅಂತ ಆ ಪದ ಕೇಳಲ್ಲ. ಎವಿಕ್ಟ್‌ಗೂ ಅದಕ್ಕೂ ದೊಡ್ಡ ವ್ಯತ್ಯಾಸ ಇದೇ. ಇದ್ರ ಮೂಲ ಲ್ಯಾಟಿನ್‌ನ ಆಬ್‌ಸ್ಟಾರೆ, ಅಂದ್ರೆ ಅಡ್ಡ ನಿಲ್ಲೋದು, ಆಬ್‌ಸ್ಟಕಲ್ ಕೂಡ ಅದೇ ಬೇರು, ಹಳೇ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬರೋ ಹೊತ್ತಿಗೆ ತೆಗೆದುಹಾಕೋದು ಅಂತ ಆಗಿತ್ತು.

ಔಸ್ಟ್‌ನಲ್ಲಿ ಒಂದು ಮೋಸ ಇದೆ, ಅದ್ರ ನಾಮಪದ ಔಸ್ಟರ್. ಟೀಚ್ ಮಾಡೋರು ಟೀಚರ್, ಪ್ಲೇ ಮಾಡೋರು ಪ್ಲೇಯರ್, ಹಂಗಾಗಿ ಔಸ್ಟರ್ ಅಂದ್ರೆ ಔಸ್ಟ್ ಮಾಡಿದ ಮನುಷ್ಯ ಅನ್ಕೊಳ್ತೀವಿ. ಅಲ್ಲ, ಔಸ್ಟರ್ ಅಂದ್ರೆ ಔಸ್ಟ್ ಮಾಡೋ ಕ್ರಿಯೆ. "ಹಸೀನಾಸ್ ಔಸ್ಟರ್" ಅಂದ್ರೆ ಹಸೀನಾ ಪದಚ್ಯುತಿ, ಅವರನ್ನ ಇಳಿಸಿದವರು ಅಂತ ಅಲ್ಲ. ಹಳೇ ಫ್ರೆಂಚ್ ಕ್ರಿಯಾಪದ ಹಾಗ್ಹಾಗೇ ಇಂಗ್ಲಿಷಿಗೆ ಬಂದು ನಾಮಪದ ಆಗಿ ಕೂತಿರೋದು ಇದು, ಡಿನ್ನರ್ ಕೂಡ ಹಂಗೇ ಬಂದಿದ್ದು, ಸಾಲ ಮನ್ನಾಕ್ಕೆ ಲೋನ್ ವೇವರ್ ಅಂತೀವಲ್ಲ ಆ ವೇವರ್ ಕೂಡ.

ಡಿಸ್‌ಮಿಸ್ ಕೆಲಸದಿಂದ, ಇಲ್ಲಾ ಮೇಲಿನವರ ಆದೇಶದಿಂದ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನ ರಾಷ್ಟ್ರಪತಿ ಆಳ್ವಿಕೆ ಹೇರಿ ಡಿಸ್‌ಮಿಸ್ ಮಾಡಿದ್ರು, ನಾವು ವಜಾ ಅಂದ್ವಿ. ಅದ್ರ ಕೇಸಲ್ಲೇ 1994ರಲ್ಲಿ ಸುಪ್ರೀಂ ಕೋರ್ಟ್ ಬಹುಮತ ಸಾಬೀತು ಆಗ್ಬೇಕಾದ ಜಾಗ ಸದನ, ರಾಜಭವನ ಅಲ್ಲ ಅನ್ನೋ ಅರ್ಥದ ದೊಡ್ಡ ತೀರ್ಪು ಕೊಡ್ತು.

ಎಜೆಕ್ಟ್ ಅಂದ್ರೆ ಎಸೆಯೋದು, ಇಂಜೆಕ್ಟ್ ರಿಜೆಕ್ಟ್ ಜೊತೆಯದ್ದು. ಪೆನ್ ಡ್ರೈವ್ ಎಜೆಕ್ಟ್, ಫೈಟರ್ ವಿಮಾನದ ಪೈಲಟ್ ಎಜೆಕ್ಟ್, ಗಲಾಟೆ ಮಾಡಿದೋರನ್ನ ಸಭೆಯಿಂದ ಎಜೆಕ್ಟ್, ಎಲ್ಲಾ ಥಟ್ ಅಂತ ಆಗೋವು. ಆದ್ರೆ ನಮ್ಮ ಕೋರ್ಟುಗಳಲ್ಲಿ ಬಾಡಿಗೆದಾರರ ಮೇಲೆ ಹಾಕೋ ದಾವೆಗೆ ಎಜೆಕ್ಟ್‌ಮೆಂಟ್ ಸೂಟ್ ಅನ್ನೋ ಹೆಸರೂ ಇದೆ, ಅದು ಮಾತ್ರ ಥಟ್ ಅಂತ ಆಗಲ್ಲ.

ಡಿಪೋರ್ಟ್ ಅಂದ್ರೆ ದೇಶದಿಂದಾನೇ ಆಚೆಗೆ. ಕನ್ನಡದಲ್ಲಿ ಗಡಿಪಾರು ಅಂತ ಎರಡಕ್ಕೂ ಅಂತೀವಿ, ರೌಡಿಯನ್ನ ಪೊಲೀಸರು ಜಿಲ್ಲೆಯಿಂದ ಆಚೆ ಕಳಿಸಿದ್ರೂ ಗಡಿಪಾರು, ವೀಸಾ ಮುಗಿದ ವಿದೇಶಿಯನ್ನ ವಾಪಸ್ ಕಳಿಸಿದ್ರೂ ಗಡಿಪಾರು. ಇಂಗ್ಲಿಷ್‌ನಲ್ಲಿ ಮೊದಲನೇದು ಎಕ್ಸ್‌ಟರ್ನ್, ಎರಡನೇದು ಮಾತ್ರ ಡಿಪೋರ್ಟ್.

ಇಂಪೀಚ್ ಬಗ್ಗೆ ಒಂದೇ ಮಾತು, ಅದು ಹೊರಗೆ ಹಾಕೋದೇ ಅಲ್ಲ, ಆರೋಪ ಹೊರಿಸೋದು. ಅಮೆರಿಕದಲ್ಲಿ ಟ್ರಂಪ್ 2019ರಲ್ಲಿ ಒಂದು ಸಲ, 2021ರಲ್ಲಿ ಒಂದು ಸಲ ಇಂಪೀಚ್ ಆದ್ರು, ಎರಡು ಸಲಾನೂ ಸೆನೆಟ್‌ನಲ್ಲಿ ಖುಲಾಸೆ ಆದ್ರು.

ಎಕ್ಸ್‌ಪೆಲ್ ಆದ್ಮೇಲೆ ಎವಿಕ್ಟ್ ಬರೋದೂ ಉಂಟು. 2023ರ ಡಿಸೆಂಬರ್ 8ಕ್ಕೆ ಲೋಕಸಭೆ ಮಹುವಾ ಮೊಯಿತ್ರಾ ಅವರನ್ನ ಎಕ್ಸ್‌ಪೆಲ್ ಮಾಡ್ತು. ಸಂಸದೆ ಅಂತ ಕೊಟ್ಟಿದ್ದ ದೆಹಲಿಯ ಸರ್ಕಾರಿ ಬಂಗಲೆ ಬಿಡಿ ಅಂತ 2024ರ ಜನವರಿಯಲ್ಲಿ ಎವಿಕ್ಷನ್ ನೋಟಿಸ್ ಬಂತು, ಅದೇ ತಿಂಗಳು ಅವರು ವೇಕೇಟ್ ಮಾಡಿದ್ರು. ಆ ವರ್ಷಾನೇ ಮತ್ತೆ ಚುನಾವಣೆ ಗೆದ್ದು ಬಂದ್ರು ಅನ್ನೋದು ಬೇರೆ ಮಾತು. ಸದಸ್ಯತ್ವದಿಂದ ಎಕ್ಸ್‌ಪೆಲ್, ಮನೆಗೆ ಎವಿಕ್ಷನ್ ನೋಟಿಸ್, ಅವರಾಗಿ ಮಾಡಿದ್ದು ವೇಕೇಟ್. ಮೂರು ಪದಗಳೂ ಒಂದೇ ಘಟನೆಯಲ್ಲಿ ಸಾಲಾಗಿ ಕೂತಿವೆ, ನೆನಪಿಟ್ಕೊಳ್ಳೋಕೆ ಇದಕ್ಕಿಂತ ಸುಲಭದ್ದು ನನಗೆ ಸಿಕ್ಕಿಲ್ಲ.

ಬಿಗ್ ಬಾಸ್ ಮನೆಯ ಎವಿಕ್ಷನ್

ನಮ್ಮ ಮನೆಗಳಿಗೆ ಈ ಪದ ಬಂದಿದ್ದೇ ಟಿವಿ ಮೂಲಕ. 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಬಿಗ್ ಬ್ರದರ್ ಅಂತ ಶುರುವಾದ ಶೋ ಅದು, ಕನ್ನಡಕ್ಕೆ 2013ರಲ್ಲಿ ಬಂತು. ಸ್ಪರ್ಧೆಯಿಂದ ಹೊರಬಿದ್ರೆ ಸಾಮಾನ್ಯವಾಗಿ ಎಲಿಮಿನೇಟ್ ಅಂತೀವಿ, ಹಾಡಿನ ಶೋನಲ್ಲಿ, ಕಬಡ್ಡಿ ಟೂರ್ನಿಲಿ ಎಲ್ಲಾ. ಇಲ್ಲಿ ಎವಿಕ್ಟ್ ಅನ್ನೋಕೆ ಕಾರಣ ಅವರು ಒಂದು ಮನೇಲಿ ವಾಸ ಇರೋದು. ಅಂದ್ರೆ ಪದ ಸರಿಯಾಗೇ ಇದೆ, ಮನೆಯಿಂದ, ಬಲವಂತವಾಗಿ, ನಿಯಮದ ಪ್ರಕಾರ. ಕೋರ್ಟಿನ ಜಾಗದಲ್ಲಿ ಓಟು ಬಂದಿದೆ ಅಷ್ಟೇ.

2025ರ ಅಕ್ಟೋಬರ್‌ನಲ್ಲಿ ಇನ್ನೊಂದು ಆಯ್ತು, ಬಿಡದಿ ಹತ್ರ ಶೋ ನಡೀತಿದ್ದ ಸ್ಟುಡಿಯೋಗೆ ಮಾಲಿನ್ಯ ನಿಯಂತ್ರಣ ಮಂಡಳಿ ಆದೇಶದ ಮೇಲೆ ಬೀಗ ಬಿತ್ತು, ಒಳಗಿದ್ದ ಎಲ್ಲರನ್ನೂ ರೆಸಾರ್ಟಿಗೆ ಕರ್ಕೊಂಡು ಹೋದ್ರು, ಆಮೇಲೆ ಅನುಮತಿ ಸಿಕ್ಕಿ ವಾಪಸ್ ಬಂದ್ರು. ಎಲ್ಲರೂ ಮನೆಯಿಂದ ಹೊರಗೆ ಬಂದ್ರೂ ಅವತ್ತು ಯಾವ ಸ್ಪರ್ಧಿಯೂ ಎವಿಕ್ಟ್ ಆಗ್ಲಿಲ್ಲ. ತೊಂದರೆ ಬಂದಾಗ ಜನರನ್ನ ತಾತ್ಕಾಲಿಕವಾಗಿ ಬೇರೆ ಕಡೆ ಸಾಗಿಸೋದಕ್ಕೆ ಇವ್ಯಾಕ್ಯುಯೇಟ್ ಅಂತಾರೆ. ನೆರೆ ಬಂದಾಗ ಹೊಳೆ ದಂಡೆ ಊರಿನವರನ್ನ ಗಂಜಿ ಕೇಂದ್ರಕ್ಕೆ ಕಳಿಸ್ತಾರಲ್ಲ ಅದು ಇವ್ಯಾಕ್ಯುಯೇಟ್. ಡ್ಯಾಮ್ ಕಟ್ಟಿ ಅದೇ ಊರು ಶಾಶ್ವತವಾಗಿ ಮುಳುಗಿದ್ರೆ, ಲಿಂಗನಮಕ್ಕಿಲಿ ಆದ ಹಾಗೆ, ಆ ಜನ ಡಿಸ್‌ಪ್ಲೇಸ್ ಆದೋರು, ನಮ್ಮ ಭಾಷೇಲಿ ಮುಳುಗಡೆ ಸಂತ್ರಸ್ತರು.

ಸಾಫ್ಟ್‌ವೇರ್ ಕೆಲಸದವರು ಕ್ಯಾಶ್ ಎವಿಕ್ಷನ್ ಅಂತ ದಿನಾ ಹೇಳ್ತಾರೆ, ಈ ಕ್ಯಾಶ್ ದುಡ್ಡಲ್ಲ, ಬೇಗ ಸಿಗ್ಲಿ ಅಂತ ಮಾಹಿತಿಯನ್ನ ಹತ್ರ ಇಟ್ಕೊಳ್ಳೋ ಮೆಮೊರಿ. ಅಡುಗೆಮನೆ ಕೈಗೆಟುಕೋ ಶೆಲ್ಫಲ್ಲಿ ಜಾಗ ಇಲ್ಲ ಅಂದಾಗ ತುಂಬಾ ದಿನದಿಂದ ಮುಟ್ಟದೇ ಇರೋ ಡಬ್ಬಿಯನ್ನ ಅಟ್ಟಕ್ಕೆ ಹಾಕಿ ಹೊಸದಕ್ಕೆ ಜಾಗ ಮಾಡ್ತೀವಲ್ಲ, ಕಂಪ್ಯೂಟರ್ ಮೆಮೊರಿಲಿ ಅದೇ ಕೆಲಸ.

ನಿಜವಾದ ಎವಿಕ್ಷನ್ ಹೇಗೆ ನಡೆಯುತ್ತೆ

ಈಗ ನಮ್ಮ ಹುಡುಗನ ವಿಷಯಕ್ಕೆ ಬರೋಣ. ಅವನ ಅಗ್ರಿಮೆಂಟ್ ಎಲ್ಲರ ಹಾಗೆ 11 ತಿಂಗಳದ್ದು. ಯಾಕೆ 11 ಅಂದ್ರೆ 1908ರ ರಿಜಿಸ್ಟ್ರೇಷನ್ ಕಾಯ್ದೆ ಪ್ರಕಾರ ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸನ್ನ ಕಡ್ಡಾಯ ರಿಜಿಸ್ಟರ್ ಮಾಡಿಸ್ಬೇಕು, ಆ ಖರ್ಚು ಓಡಾಟ ಬೇಡ ಅಂತ. ಅವಧಿ ಮುಗಿದ್ರೂ ಬಾಡಿಗೆ ಕೊಡ್ತಾ ಇದ್ದ, ಓನರ್ ತಗೊಳ್ತಾ ಇದ್ರು, ಅಂದ್ರೆ ತಿಂಗಳಿಂದ ತಿಂಗಳಿಗೆ ನಡೆಯೋ ಬಾಡಿಗೆ ಆಗಿತ್ತು. ಇಂಥದ್ದನ್ನ ಮುಗಿಸೋಕೆ, ಬೇರೆ ಕರಾರು ಇಲ್ದೇ ಇದ್ರೆ, 1882ರ ಟ್ರಾನ್ಸ್‌ಫರ್ ಆಫ್ ಪ್ರಾಪರ್ಟಿ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ 15 ದಿನದ ನೋಟಿಸ್ ಕೊಡ್ಬೇಕು. ಅವನಿಗೆ ಬಂದಿದ್ದು ಅದೇ ನೋಟಿಸ್. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅಂತ ಬಾಡಿಗೆದಾರರಿಗೆ ರಕ್ಷಣೆ ಕೊಡೋ ಇನ್ನೊಂದು ಕಾಯ್ದೆ ಇದೆ, ಆದ್ರೆ ಅದ್ರಲ್ಲಿ ಬಾಡಿಗೆಗೆ ಹಾಕಿರೋ ಮಿತಿ ಬೆಂಗಳೂರಿಗೆ ತಿಂಗಳಿಗೆ 3,500 ರೂಪಾಯಿ, ಈಗಿನ ಬಾಡಿಗೆಲಿ ಹೆಚ್ಚಿನ ಮನೆಗಳು ಅದ್ರಿಂದ ಆಚೆಗೇ ಬೀಳ್ತವೆ.

ನೋಟಿಸ್ ಅವಧಿ ಮುಗಿದ್ರೂ ಬಾಡಿಗೆದಾರ ಬಿಡ್ಲಿಲ್ಲ ಅಂದ್ರೆ ಓನರ್ ಸಿವಿಲ್ ಕೋರ್ಟಲ್ಲಿ ದಾವೆ ಹಾಕ್ಬೇಕು. ಸಮನ್ಸ್ ಬರುತ್ತೆ, ಬಾಡಿಗೆದಾರರಿಗೂ ತಮ್ಮ ಮಾತು ಹೇಳೋ ಅವಕಾಶ ಇರುತ್ತೆ. ಓನರ್ ಗೆದ್ರೆ ಡಿಕ್ರಿ, ಅಂದ್ರೆ ಮನೆ ಬಿಡಿ ಅನ್ನೋ ಕೋರ್ಟ್ ಆದೇಶ, ಆಮೇಲೂ ಬಿಡ್ಲಿಲ್ಲ ಅಂದ್ರೆ ಡಿಕ್ರಿ ಜಾರಿಗೆ ಅರ್ಜಿ, ಅದಾದ್ಮೇಲೆ ಕೋರ್ಟ್ ಅಮೀನರು ವಾರಂಟ್ ಹಿಡ್ಕೊಂಡು ಬಂದು ಸ್ವಾಧೀನ ಬಿಡಿಸ್ತಾರೆ. ಅಮೀನರು ಬಾಗಿಲಿಗೆ ಬಂದ ಆ ಗಳಿಗೆ ಇದೆಯಲ್ಲ, ಅದು ನಿಜವಾದ ಎವಿಕ್ಷನ್. ಗೆಲುವು ಅನ್ನೋ ಬೇರು ಅಂದ್ನಲ್ಲ, ಇಷ್ಟೂ ಮೆಟ್ಟಿಲು ಹತ್ತಿ ಗೆದ್ದ ಮೇಲೆ ಆಗೋದು ಅದು.

ಅದಕ್ಕೆ ಮುಂಚೆ ಓನರ್ ತಾವೇ ಬೀಗ ಹಾಕಿದ್ರೆ, 1963ರ ಸ್ಪೆಸಿಫಿಕ್ ರಿಲೀಫ್ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಬಾಡಿಗೆದಾರರು 6 ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಕೇಳ್ಬಹುದು, ಆ ದಾವೇಲಿ ಮನೆ ಯಾರದ್ದು ಅನ್ನೋದು ಪ್ರಶ್ನೆ ಅಲ್ಲ, ಕಾನೂನು ಪ್ರಕಾರ ಬಿಡಿಸಿದ್ರಾ ಇಲ್ವಾ ಅನ್ನೋದಷ್ಟೇ. ನೀರು ಕರೆಂಟು ಕಟ್ ಮಾಡಿ, ಇಲಿ ಬಿಲಕ್ಕೆ ಹೊಗೆ ಹಾಕಿದ ಹಾಗೆ, ಅವರಾಗೇ ಓಡಿಹೋಗೋ ಥರ ಮಾಡೋರೂ ಇದಾರೆ, ಅದಕ್ಕೆ ಇಂಗ್ಲಿಷ್ ಕಾನೂನು ಭಾಷೇಲಿ ಕನ್‌ಸ್ಟ್ರಕ್ಟಿವ್ ಎವಿಕ್ಷನ್ ಅಂತಾರೆ, ಕೈ ಹಿಡಿದು ಹೊರಗೆ ಹಾಕದೇ ಇದ್ರೂ ಹಾಕಿದ ಹಾಗೇ ಲೆಕ್ಕ ಅಂತ ಅರ್ಥ.

ಸರ್ಕಾರವೇ ಎಬ್ಬಿಸೋವಾಗ್ಲೂ ಮೆಟ್ಟಿಲು ಇವೆ. 1985ರಲ್ಲಿ ಬಾಂಬೆ ಫುಟ್‌ಪಾತ್ ನಿವಾಸಿಗಳ ಕೇಸಲ್ಲಿ, ಓಲ್ಗಾ ಟೆಲ್ಲಿಸ್ ಕೇಸ್ ಅಂತಾರೆ ಅದಕ್ಕೆ, ಬದುಕೋ ಹಕ್ಕಿನಲ್ಲಿ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಅಂತ ಸುಪ್ರೀಂ ಕೋರ್ಟ್ ಹೇಳ್ತು, ಆದ್ರೆ ಫುಟ್‌ಪಾತ್‌ನಿಂದ ತೆಗೆಸೋ ಪಾಲಿಕೆಯ ಅಧಿಕಾರವನ್ನ ರದ್ದು ಮಾಡ್ಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಅರ್ಜಿ ಪರಿಶೀಲನೆ ಮುಗಿಯೋವರೆಗೂ ಕಾಡಿನಲ್ಲಿರೋ ಅರ್ಹ ಜನರನ್ನ ಒಕ್ಕಲೆಬ್ಬಿಸೋ ಹಾಗಿಲ್ಲ. 2024ರ ನವೆಂಬರ್ 13ಕ್ಕೆ, ಆರೋಪಿಗಳ ಮನೆ ಕೆಡವೋದರ ವಿರುದ್ಧದ ಬುಲ್ಡೋಜರ್ ಕೇಸಲ್ಲಿ, ಸುಪ್ರೀಂ ಕೋರ್ಟು ಕೆಡವೋ ಮುಂಚೆ 15 ದಿನದ ನೋಟಿಸ್ ಕೊಡ್ಬೇಕು ಅಂತು, ರಸ್ತೆ, ಫುಟ್‌ಪಾತ್, ರೈಲ್ವೆ ಜಾಗ, ಕೆರೆ ಹೊಳೆಯಂಥ ಕಡೆ ಇರೋ ಅಕ್ರಮ ಕಟ್ಟಡಗಳಿಗೆ ಅದು ಅನ್ವಯಿಸಲ್ಲ.

ಇದನ್ನೆಲ್ಲಾ ಹೇಳಿದ್ಮೇಲೆ ಅವರು ಗೋಣಿ ಚೀಲದ ಹೊಲಿಗೆ ಬಿಚ್ಚಿ ಕುಕ್ಕರ್ ತೆಗೆದ್ರು. ಮಾರನೇ ದಿನ ಪರಿಚಯದ ಲಾಯರ್ ಹತ್ರ ಹೋಗಿ ನೋಟಿಸಿಗೆ ಉತ್ತರ ಬರೆಸಿದ್ವಿ, ಓನರ್ ಮನೇಲೂ ಕೂತು ಮಾತಾಡಿದ್ವಿ, ಅವರ ಮಗನ ಮದುವೆ ಇತ್ತು, ಆ ಮನೆ ಅವರಿಗೆ ಬೇಕಿತ್ತು, ಅವರದ್ದೂ ತಪ್ಪಲ್ಲ. ಮಗುವಿನ ಪರೀಕ್ಷೆ ಮುಗಿಯೋವರೆಗೂ ಇರಿ ಅಂದ್ರು. ಮಾರ್ಚ್ ಕೊನೇಲಿ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಮುರ್ಕೊಂಡು ಉಳಿದ ಅಡ್ವಾನ್ಸ್ ವಾಪಸ್ ಕೊಟ್ರು. ಕೀ ಕೊಡೋವಾಗ ಓನರ್ ಮಗ ಲ್ಯಾಪ್‌ಟಾಪಲ್ಲಿ ಟೈಪ್ ಮಾಡಿ ತಂದಿದ್ದ ರಸೀದಿಲಿ "ಟೆನೆಂಟ್ ಎವಿಕ್ಟೆಡ್" ಅಂತ ಇತ್ತಂತೆ. ನಮ್ಮ ಹುಡುಗ ಸೈನ್ ಮಾಡೋ ಮುಂಚೆ ಪೆನ್ ಕೆಳಗಿಟ್ಟು "ಅಣ್ಣ, ಇದು ಎವಿಕ್ಟೆಡ್ ಅಲ್ಲ, ವೇಕೇಟೆಡ್ ಅಂತ ಬರೀರಿ" ಅಂದ. ಆ ಪದಕ್ಕೆ ಗೀಟು ಹೊಡೆದು ಮೇಲೆ ಕೈಲಿ ವೇಕೇಟೆಡ್ ಅಂತ ಬರೆದು, ತಿದ್ದಿದ ಜಾಗದ ಪಕ್ಕ ಇಬ್ಬರೂ ಸೈನ್ ಮಾಡಿದ್ರು.